ಬಾವುಟ ರೂಪಿಸಿದವರ ಪತ್ತೇದಾರಿ ಕಥೆಗಳು

ನಿಮ್ಮ ಇಷ್ಟದ ಪ್ರಕಾರ ಯಾವುದು ಅಂತ ಕೇಳಿದ್ರೆ ನನ್ನ ಉತ್ತರ ಇಷ್ಟೇ: ಬರೆಯೋಕೆ ಇತಿಹಾಸ, ಓದೋಕೆ ಪತ್ತೇದಾರಿ. ಎರಡನೆಯದನ್ನು ಹೇಳಿಕೊಳ್ಳೋಕೆ ಬಹಳ ದಿನ ಸಂಕೋಚ ಇತ್ತು. 'ಅದೂ ಸಾಹಿತ್ಯನಾ?' ಅಂತಾರಲ್ಲ, ಅದಕ್ಕೆ.

ಎನ್. ನರಸಿಂಹಯ್ಯ ಅವರ ಹೆಸರು ಕೇಳಿದ್ದೀರಾ? ಓದಿದ್ದು ನಾಲ್ಕನೇ ತರಗತಿ. ಬಸ್ ಕಂಡಕ್ಟರ್ ಕೆಲಸವನ್ನೂ ಮಾಡಿದವರು. ಬರೆದದ್ದು ಮಾತ್ರ ಸುಮಾರು 500 ಕಾದಂಬರಿ! 'ಪತ್ತೇದಾರ ಪುರುಷೋತ್ತಮ' ಅವರದೇ. ದಿನಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಇಂಥ ಕಾದಂಬರಿಗಳು ಕೈಯಿಂದ ಕೈಗೆ ಓಡಾಡಿ ಸವೆದವು.

ಇನ್ನೊಬ್ಬರು ಮ. ರಾಮಮೂರ್ತಿ. ನವೆಂಬರ್ 1ಕ್ಕೆ ನಾವು ಹಾರಿಸ್ತೀವಲ್ಲ, ಹಳದಿ-ಕೆಂಪು ಬಾವುಟ, 1960ರ ದಶಕದಲ್ಲಿ ಅದನ್ನು ರೂಪಿಸಿದವರು. ಅವರೂ ಪತ್ತೇದಾರಿ ಕಾದಂಬರಿಕಾರರೇ. ಬೆಂಗಳೂರಿನಲ್ಲಿ ಕನ್ನಡಕ್ಕಾಗಿ ಬೀದಿಗಿಳಿದ ಅದೇ ಮನುಷ್ಯ, ಕೊಲೆ-ಕಳ್ಳತನದ ಕಥೆ ಹೇಳಿ ಜನರನ್ನು ಕನ್ನಡ ಓದಿಗೆ ಎಳೆದರು. ನನ್ನ ಲೆಕ್ಕದಲ್ಲಿ ಎರಡೂ ಒಂದೇ ಚಳವಳಿ. ನಾನು ಓದಿದ ಪಠ್ಯಪುಸ್ತಕಗಳಲ್ಲಿ ಮಾತ್ರ ಇವರಿಬ್ಬರ ಹೆಸರೇ ಇರಲಿಲ್ಲ.

ಅಗ್ಗದ ಕಾಗದ, ಮುಟ್ಟಿದರೆ ಪುಡಿಯಾಗುತ್ತೆ. ಅಜ್ಜಿ ಮನೆ ಅಟ್ಟದಲ್ಲಿ ಅಂಥದ್ದೊಂದು ಸಿಕ್ಕರೆ ರದ್ದಿಗೆ ಹಾಕಬೇಡಿ. ಮುಖಪುಟದ ಫೋಟೋ ತೆಗೆದು ನಮಗೊಂದು ಕಳಿಸಿ.