ಶಾಂತಲದೇವಿಯ ದಾಂಪತ್ಯ

ಅರಸುಮನೆತನದ ವಿವಾಹಗಳನ್ನು ಕೂಡಿಸಿದುದು ಪ್ರೇಮವಲ್ಲ, ರಾಜಕಾರಣವೆಂಬುದು ಚರಿತ್ರೆಯನ್ನೋದುವವರ ಸಾಮಾನ್ಯಾಭಿಪ್ರಾಯ. ಕೂಡಿಸಿದ ಕಾರಣವು ಯಾವುದೇ ಆಗಿರಲಿ, ಕೂಡಿದವರನ್ನು ಬಹುಕಾಲ ಬಿಡದೆ ಬಂಧಿಸಿದುದು ಯಾವುದೆಂಬ ಪ್ರಶ್ನೆ ಬೇರೆಯೇ. ಶಾಸನಗಳು ಹೃದಯದ ಮಾತನ್ನಾಡುವುದು ಅಪೂರ್ವ. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿಯಾದ ಶಾಂತಲದೇವಿಯ ವಿಷಯದಲ್ಲಿಯಾದರೋ ಬೇಲೂರು, ಶ್ರವಣಬೆಳ್ಗೊಳಗಳ ಕಲ್ಲುಗಳು ಊಹೆಗೆ ತಕ್ಕಮಟ್ಟಿನ ಆಧಾರವನ್ನೊದಗಿಸುತ್ತವೆ.

ಆಕೆ ಹುಟ್ಟಿದ ಮನೆಯೇ ವಿಶೇಷವಾದುದು. ತಂದೆ ಪೆರ್ಗಡೆ ಮಾರಸಿಂಗಯ್ಯನು ಶೈವ. ತಾಯಿ ಮಾಚಿಕಬ್ಬೆಯು ಜಿನಭಕ್ತೆ. ಗಂಡಹೆಂಡಿರ ದೇವರು ಬೇರೆಯಾದರೂ ಸಂಸಾರವು ಒಡೆಯಬೇಕಾಗಿಲ್ಲವೆಂಬುದನ್ನು ಶಾಂತಲೆಯು ಬಾಲ್ಯದಲ್ಲಿಯೇ ಕಂಡಿದ್ದಳು. ತಾನು ತಾಯಿಯ ಮತವನ್ನು ಹಿಡಿದು ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆಯಾದಳು. ಗಂಡನೋ, 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸಿದ ವಿಷ್ಣುಭಕ್ತ. ಆ ಮಹಾದೇವಾಲಯದ ಮಗ್ಗುಲಲ್ಲಿಯೇ ಈ ಜೈನರಾಣಿಯು ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದಳು. ಗಂಡನ ದೇವರಿಗೆ ಗುಡಿ ಕಟ್ಟಿಸಿದುದರಿಂದ ಆಕೆಯ ಜಿನಭಕ್ತಿಗೆ ಕುಂದು ಬಂದಂತೆ ತೋರುವುದಿಲ್ಲ. ಆರು ವರ್ಷಗಳ ತರುವಾಯ, 1123ರಲ್ಲಿ, ಚಂದ್ರಗಿರಿಯ ಮೇಲೆ ಶಾಂತಿನಾಥನ ಬಸದಿಯನ್ನೆತ್ತಿಸಿ, ಅದರ ಪೂಜೆಗೆ ಮೊಟ್ಟೆನವಿಲೆಯೆಂಬ ಗ್ರಾಮವನ್ನು ದತ್ತಿಬಿಟ್ಟಳು. ಅರಸನ ಸಮ್ಮತಿಯಿಲ್ಲದೆ ಗ್ರಾಮದಾನವು ನಡೆಯುವಂತಿರಲಿಲ್ಲವಷ್ಟೆ!

ಶಾಸನಕವಿಗಳು ಆಕೆಯ ರೂಪವನ್ನು ಹೊಗಳಿರುವುದು ಸಹಜ. ಅದರೊಡನೆ ಗೀತ, ವಾದ್ಯ, ನೃತ್ಯಗಳಲ್ಲಿನ ಪರಿಣತಿಯನ್ನೂ, ವಿವೇಕದಲ್ಲಿ ಬೃಹಸ್ಪತಿಗೆ ಸಮಳಾದ ಬುದ್ಧಿಯನ್ನೂ ಎತ್ತಿ ಹೇಳಿದ್ದಾರೆ. ಹೊಗಳಿಕೆಯನ್ನು ಕವಿಸಮಯವೆಂದು ತಳ್ಳಬಹುದು. ಒಬ್ಬರ ಭಕ್ತಿಗೆ ಇನ್ನೊಬ್ಬರು ತೆರವು ಕೊಟ್ಟುದಕ್ಕೆ ಸಾಕ್ಷಿಯಾಗಿ ನಿಂತ ಗುಡಿ ಬಸದಿಗಳನ್ನು ತಳ್ಳುವಂತಿಲ್ಲ. ರೂಪದಿಂದ ಹುಟ್ಟಿದ ಒಲವು ರೂಪದೊಡನೆ ಮಾಸೀತು. ಮರ್ಯಾದೆಯಿಂದ ಬೆಳೆದುದಕ್ಕೆ ಆ ಭಯವು ಕಡಮೆ.

ಹಾಗೆಂದು ಈ ದಾಂಪತ್ಯವನ್ನು ಕೇವಲ ಆದರ್ಶವಾಗಿ ಚಿತ್ರಿಸುವುದೂ ಸಲ್ಲದು. ವಿಷ್ಣುವರ್ಧನನಿಗೆ ಬಮ್ಮಲದೇವಿ, ಲಕ್ಷ್ಮೀದೇವಿ ಮೊದಲಾದ ಬೇರೆ ರಾಣಿಯರೂ ಉಂಟು. ಸವತಿಯರ ಪಾಲಿಗೆ ಮದಗಜವೆಂಬರ್ಥದ ‘ಸವತಿಗಂಧವಾರಣೆ’ ಎಂಬ ಬಿರುದನ್ನು ಶಾಂತಲೆಯು ಹೆಮ್ಮೆಯಿಂದ ಧರಿಸಿದಳು. ಬಸದಿಗೂ ಅದೇ ಹೆಸರಾಯಿತು. ಕ್ರೋಧವನ್ನು ಗೆದ್ದ ಜಿನನ ಮನೆಗೆ ಇಂಥ ಹೆಸರು! ಒಲವನ್ನು ಹಂಚಿಕೊಳ್ಳಲೊಲ್ಲದ ಹೆಣ್ಣಿನ ಮನಸ್ಸು ಇಲ್ಲಿ ಧರ್ಮಕಾರ್ಯದ ನಡುವೆಯೂ ಮರೆಯಾಗಿಲ್ಲ.

1131ರಲ್ಲಿ ಶಾಂತಲೆಯು ಶಿವಗಂಗೆಯಲ್ಲಿ ಮುಡಿಪಿದಳು. ಬೆಟ್ಟದಿಂದ ಧುಮುಕಿದಳೆಂಬ ಕಥೆ ಜನರ ಬಾಯಲ್ಲಿದೆ. ಶಾಸನವು ಅದನ್ನು ಹೇಳುವುದಿಲ್ಲ. ಮಗಳನ್ನಗಲಿ ಇರಲಾರದೆ ಮಾಚಿಕಬ್ಬೆಯು ಬೆಳ್ಗೊಳಕ್ಕೆ ಬಂದು, ಒಂದು ತಿಂಗಳ ಉಪವಾಸದಿಂದ ದೇಹವನ್ನು ಬಿಟ್ಟಳು. ಶೈವನ ಮನೆಯನ್ನು ಬೆಳಗಿದ ಆ ತಾಯಿಯು ತನ್ನ ಕೊನೆಯನ್ನು ಜಿನನ ಸನ್ನಿಧಿಯಲ್ಲಿಯೇ ಕಂಡುಕೊಂಡಳು.