ನಮ್ಮೂರ ಮಾರಿಯೋ ಸ್ವಲ್ಪ ನಿಧಾನ

ಚಳ್ಳಕೆರೆ, ಮೊಳಕಾಲ್ಮುರು ಕಡೆ ನನ್ನ ವಯಸ್ಸಿನವರಿಗೆ ವಿಡಿಯೋ ಗೇಮ್ ಅಂದರೆ ಒಂದೇ ನೆನಪು. ಟಿವಿಗೆ ವೈರ್ ಚುಚ್ಚಿ, ಕ್ಯಾಸೆಟ್‌ಗೆ ಉಫ್ ಅಂತ ಊದಿ ಹಾಕಿದರೆ ಮಾರಿಯೋ ಬರುತ್ತಿದ್ದ. ಕರೆಂಟ್ ಹೋದರೆ ಮತ್ತೆ ಮೊದಲಿಂದ. ಕ್ಯಾಸೆಟ್ ಮೇಲೆ '9999 ಇನ್ 1' ಅಂತ ಬರೆದಿರುತ್ತಿತ್ತು. ಒಳಗಿದ್ದದ್ದು ಬೆರಳೆಣಿಕೆ ಆಟ. ಅವನ್ನೇ ಬೇರೆ ಬೇರೆ ಹಂತದಿಂದ ಶುರು ಮಾಡಿಸಿ ಲೆಕ್ಕ ಬೆಳೆಸಿದ್ದರು.

ಆ ಪೆಟ್ಟಿಗೆ ಅಸಲಿ ಅಲ್ಲ. ಅಸಲಿ ಯಂತ್ರದ ಹೆಸರು ಫ್ಯಾಮಿಕಾಮ್. ಜಪಾನಿನ ನಿಂಟೆಂಡೊ ಕಂಪನಿ ಅದನ್ನು ಮಾರುಕಟ್ಟೆಗೆ ಬಿಟ್ಟಿದ್ದು 1983ರ ಜುಲೈ 15ರಂದು. ತೈವಾನ್, ಚೀನಾದ ತಯಾರಕರು ಅದನ್ನು ನಕಲು ಮಾಡಿದರು. ಆಮೇಲೆ ಇಡೀ ಯಂತ್ರವನ್ನೇ ಒಂದು ಚಿಪ್‌ಗೆ ಇಳಿಸಿದರು. ಬಿಚ್ಚಿ ನೋಡಿದವರಿಗೆ ಗೊತ್ತು, ಒಳಗೆ ಡಾಂಬರಿನ ಬೊಟ್ಟಿನಂಥ ಕಪ್ಪು ಚುಕ್ಕೆ, ನಾಲ್ಕು ವೈರು, ಉಳಿದದ್ದೆಲ್ಲ ಗಾಳಿ. ನಮ್ಮ ದೇಶದಲ್ಲಿ 'ಲಿಟಲ್ ಮಾಸ್ಟರ್', 'ಮೀಡಿಯಾ' ಹೆಸರಲ್ಲಿ ಬಂದದ್ದು ಇಂಥವೇ.

ಈಗ ಮನೆಯಲ್ಲಿರುವ ಹಳೇ ಕಂಪ್ಯೂಟರನ್ನು ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಜೋಡಿಸಿ ಸಿನಿಮಾ ನೋಡುವವರಿದ್ದಾರೆ. ಅದರಲ್ಲೇ ಈ ಆಟಗಳೂ ನಡೆಯುತ್ತವೆ. ಅದಕ್ಕೆ ಬೇಕಾದ ತಂತ್ರಾಂಶಕ್ಕೆ ಎಮ್ಯುಲೇಟರ್ ಅನ್ನುತ್ತಾರೆ. ಹಗಲುವೇಷದವರು ಬೆಳಿಗ್ಗೆ ರಾಮನಾಗಿ, ಸಂಜೆ ರಾವಣನಾಗಿ ಬರುತ್ತಾರಲ್ಲ, ಹಾಗೆ ಕಂಪ್ಯೂಟರ್ ಫ್ಯಾಮಿಕಾಮ್ ವೇಷ ಹಾಕುತ್ತದೆ. ಆಟಕ್ಕೆ ತಾನು ಹಳೇ ಯಂತ್ರದಲ್ಲೇ ಇದ್ದೇನೆ ಅನ್ನಿಸುತ್ತದೆ. ಸಿನಿಮಾ ನೋಡುವ ಕೋಡಿ ಎಂಬ ತಂತ್ರಾಂಶದಲ್ಲೂ 2019ರಿಂದ ಈ ಸೌಲಭ್ಯ ಇದೆ. ದೊಡ್ಡ ಕಂಪ್ಯೂಟರ್ ಏನೂ ಬೇಕಿಲ್ಲ. 1985ರ ಸೂಪರ್ ಮಾರಿಯೋ ಇಡೀ ಆಟ 40 ಕೆಬಿ, ವಾಟ್ಸಾಪಲ್ಲಿ ಬರುವ ಒಂದು ಶುಭೋದಯ ಚಿತ್ರಕ್ಕಿಂತ ಚಿಕ್ಕದು. (ಎಮ್ಯುಲೇಟರ್‌ಗೆ ಅಡ್ಡಿಯಿಲ್ಲ, ಆದರೆ ಆಟಗಳ ಹಕ್ಕುಸ್ವಾಮ್ಯ ಇನ್ನೂ ಕಂಪನಿಗಳದ್ದೇ.)

ಆದರೆ ಆಡಿದಾಗ ಏನೋ ವ್ಯತ್ಯಾಸ ಅನ್ನಿಸುತ್ತದೆ. ಮಾರಿಯೋ ಜೋರಾಗಿ ಓಡುತ್ತಾನೆ, ಹಿನ್ನೆಲೆ ಸಂಗೀತವೂ ಅವಸರದ್ದು. ವಯಸ್ಸಾಯಿತು, ಕೈ ಓಡಲ್ಲ ಅಂದುಕೊಳ್ಳಬೇಡಿ. ಜಪಾನಿನ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತಿತ್ತು, ಆಟಗಳನ್ನು ಬರೆದದ್ದೂ ಆ ಲೆಕ್ಕಕ್ಕೇ. ನಮ್ಮದು ಪಾಲ್ ಪದ್ಧತಿ, ಸೆಕೆಂಡಿಗೆ 50. ಪಾಲ್ ಟಿವಿಗೆಂದು ಮಾಡಿದ ನಕಲು ಪೆಟ್ಟಿಗೆಯಲ್ಲಿ ಅದೇ ಆಟ ಆರನೇ ಒಂದು ಭಾಗ ನಿಧಾನವಾಗುತ್ತಿತ್ತು. ನಾವು ಬಾಲ್ಯದಲ್ಲಿ ಕೇಳಿದ ಮಾರಿಯೋ ಸಂಗೀತ ಜಪಾನಿನ ಮಕ್ಕಳು ಕೇಳಿದ್ದಲ್ಲ.

ಆ ನಿಧಾನದ ಮಾರಿಯೋ ಬೇಕೆಂದರೆ ಮೆಸೆನ್, ಎಫ್‌ಸಿಇಯುಎಕ್ಸ್ ಎಂಬ ಎಮ್ಯುಲೇಟರ್‌ಗಳ ಸೆಟ್ಟಿಂಗ್ಸ್‌ನಲ್ಲಿ 'ಡೆಂಡಿ' ಅಂತ ಆರಿಸಬೇಕು. ಪಕ್ಕದಲ್ಲೇ 'ಪಾಲ್' ಅಂತಲೂ ಇರುತ್ತದೆ, ಅದು ಯುರೋಪಿಗೆಂದು ನಿಂಟೆಂಡೊ ತಾನೇ ಮಾಡಿದ ಯಂತ್ರದ್ದು. ಡೆಂಡಿ ಅಂದರೆ 1992ರ ಕೊನೆಯಿಂದ ರಷ್ಯಾದಲ್ಲಿ ಮಾರಾಟವಾದ ನಕಲು ಪೆಟ್ಟಿಗೆ. ಅದರ ಗುರುತು ಆನೆ! ಆನೆಯ ನಾಡಿನವರಾದ ನಾವು ನಮ್ಮದೇ ಬಾಲ್ಯದ ವೇಗಕ್ಕೆ ರಷ್ಯಾದ ಆನೆಯನ್ನು ಆರಿಸಬೇಕಾಗಿದೆ. ಅಲ್ಲಿನ ಹುಡುಗರ ನಕಲಿಗೆ ಇತಿಹಾಸದಲ್ಲಿ ಒಂದು ಹೆಸರು ಉಳಿಯಿತು. ಲಿಟಲ್ ಮಾಸ್ಟರ್ ಆ ಪಟ್ಟಿಯಲ್ಲಿಲ್ಲ.

ಬಾತುಕೋಳಿ ಹೊಡೆಯುವ ಬಂದೂಕು ಮಾತ್ರ ಯಾವ ಸೆಟ್ಟಿಂಗ್‌ನಲ್ಲೂ ಹಿಂದಿನಂತೆ ಕೆಲಸ ಮಾಡಲ್ಲ. ಕುದುರೆ ಎಳೆದಾಗ ಪರದೆ ಕಪ್ಪಾಗಿ, ಬಾತುಕೋಳಿ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತಿತ್ತು. ಬಂದೂಕಿನ ಕಣ್ಣು ಅದನ್ನು ಹಿಡಿಯುತ್ತಿತ್ತು. ಅದಕ್ಕೆ ಹಿಂದೆ ಹೊಟ್ಟೆ ಇದ್ದ ಹಳೇ ಟಿವಿಯೇ ಬೇಕು. ಆ ಟಿವಿಗಳು ಗುಜರಿಗೆ ಹೋದವು, ಪೆಟ್ಟಿಗೆಗಳೂ ಹಿಂದೆಯೇ ಹೋಗುತ್ತಿವೆ. ನಿಮ್ಮ ಅಟ್ಟದ ಮೇಲೆ ಒಂದಿದ್ದರೆ ತೂಕಕ್ಕೆ ಹಾಕುವ ಮೊದಲು ಫೋಟೊ ತೆಗೆದು ಕಳಿಸಿ. ಮೇಲಿನ ಹೆಸರು, ಹಿಂದಿನ ಚೀಟಿ, ಸಾಧ್ಯವಾದರೆ ಒಳಗಿನ ಹಲಗೆ. ಯಾವ ಊರಿನ ಅಂಗಡಿಯಲ್ಲಿ, ಎಷ್ಟಕ್ಕೆ ತಂದದ್ದು ಅಂತ ಅಪ್ಪನನ್ನೂ ಕೇಳಿ ಬರೆಯಿರಿ.