ಬಳ್ಳಿಯ ಬುಡದ ಕಾವಲುಗಾರ

ರಾಜಾಜಿನಗರದಲ್ಲೋ ಕೆಂಗೇರಿಯಲ್ಲೋ ಅಂಗಡಿಯಿಂದ ತಂದ ಕಾಳುಮೆಣಸನ್ನು ಸಾರಿಗೆ ಕುಟ್ಟುವಾಗ, ಅದರ ಹಿಂದೆ ಒಂದು ಶತಮಾನದ ಹೋರಾಟವಿದೆಯೆಂದು ನೆನೆಯುವವರು ವಿರಳ. ಆ ಕಥೆ ಆರಂಭವಾಗುವುದು ಮೆಣಸಿನಿಂದಲ್ಲ, ಅಡಕೆಯಿಂದ.

ಮಲೆನಾಡಿನಲ್ಲಿ ಮಳೆ ಬಲಿತೊಡನೆ ಎಳೆಯ ಅಡಕೆ ಕೊಳೆತು ಉದುರುತ್ತಿತ್ತು. ಜನ ಅದನ್ನು ಕೊಳೆರೋಗವೆಂದು ಕರೆದು, ಕೊನೆಗಳಿಗೆ ಕೊಟ್ಟೆ ಕಟ್ಟಿ ಫಸಲನ್ನು ಕಾಪಾಡಿಕೊಳ್ಳುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯೇ ಇದಕ್ಕೆ ಕಾರಣವೆಂದು ಅವರು ಗುರುತಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಸಿಂಪಡಣೆ ಬಳಕೆಗೆ ಬಂದಿತು. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1885ರ ವೇಳೆಗೆ ಹೆಸರಾಗಿದ್ದ ಔಷಧ ಹೀಗೆ ನಮ್ಮ ಅಡಕೆಮರವನ್ನೇರಿತು.

ಆದರೆ ಅದೇ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಸಂಕಟ ಬೇರೆ. ಫೈಟಾಫ್ತೊರ ಕುಲದ ಇನ್ನೊಂದು ಜೀವಿ ಮಣ್ಣಿನಲ್ಲಿದ್ದು ಅದರ ಬೇರು, ಬುಡಗಳನ್ನು ಕೊಳೆಸುತ್ತದೆ. ಹಸುರಾಗಿದ್ದ ಬಳ್ಳಿ ಕೆಲವೇ ವಾರಗಳಲ್ಲಿ ಎಲೆಯುದುರಿಸಿ ಸೊರಗುತ್ತದೆ. ವರ್ಷಗಟ್ಟಲೆ ಸಾಕಿದ ಬಳ್ಳಿ ಹೋದರೆ, ಹೊಸದು ಫಲ ಕೊಡಲು ಮತ್ತೆ ಮೂರು ನಾಲ್ಕು ವರ್ಷ ಕಾಯಬೇಕು. ಸಿಂಪಡಿಸಿದ ಔಷಧ ಎಲೆಗೆ ತಲುಪೀತು. ನೆಲದೊಳಗಿನ ಬೇರನ್ನು ಕಾಯುವವರಾರು?

ಉತ್ತರವೂ ಮಣ್ಣಿನಲ್ಲಿಯೇ ಇತ್ತು. ಟ್ರೈಕೊಡರ್ಮ ಎಂಬ ಹಸಿರು ಬೂಷ್ಟು, ರೋಗ ತರುವ ಮತ್ತೊಂದು ಬೂಷ್ಟಿನ ಎಳೆಗಳನ್ನು ಸುತ್ತಿಕೊಂಡು ಕೊಲ್ಲುವುದೆಂದು 1932ರಲ್ಲಿ ಅಮೆರಿಕದಲ್ಲಿ ವೈಂಡ್ಲಿಂಗ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಮುಂದೆ ಕಲ್ಲಿಕೋಟೆಯ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಇದನ್ನು ಮೆಣಸು, ಏಲಕ್ಕಿ, ಶುಂಠಿಗಳಿಗೆ ಶಿಫಾರಸು ಮಾಡಿತು. ಕೊಡಗಿನ ಅಪ್ಪಂಗಳದಲ್ಲಿ ಈ ಸಂಸ್ಥೆಯ ಕೇಂದ್ರವೊಂದಿದೆ. ಮೆಣಸಿನ ಬಳ್ಳಿಯೊಂದಕ್ಕೆ 50 ಗ್ರಾಂ ಟ್ರೈಕೊಡರ್ಮವನ್ನು ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರಗಳೊಡನೆ ಬುಡಕ್ಕೆ ಹಾಕುವುದು ಅದರ ಕ್ರಮ.

ಒಂದು ಮಾತನ್ನು ಮರೆಯಬಾರದು. ಈ ಕಾವಲುಗಾರನಿಗೂ ಜೀವವಿದೆ. ಅದೇ ಬುಡಕ್ಕೆ ತಾಮ್ರದ ಔಷಧ ಸುರಿದರೆ ಅವನಿಗೇ ಅಪಾಯ. ಬೇರು ಪೂರ್ತಿ ಕೊಳೆತ ಬಳ್ಳಿಯನ್ನು ಅವನು ಬದುಕಿಸಲಾರ; ಮುಂಗಾರಿನ ಆರಂಭಕ್ಕೇ ನೆಲೆಯೂರಿರಬೇಕು. ನೀರು ನಿಂತ ನೆಲದಲ್ಲಿ ಅವನ ಶ್ರಮವೂ ವ್ಯರ್ಥ.

ನಿಮ್ಮಲ್ಲಿ ಹಲವರಿಗೆ ಮಲೆನಾಡಿನಲ್ಲಿ ತೋಟವಿರಬಹುದು. ಕೆಲವರ ಮನೆಯಂಗಳದ ಕುಂಡದಲ್ಲಿ ಶುಂಠಿ ಬೆಳೆಯುತ್ತಿರಬಹುದು. ಈ ಸಲ ಮಳೆ ಹಿಡಿಯುವ ಮುನ್ನ ಗಿಡದ ಎಲೆಯನ್ನಷ್ಟೇ ಅಲ್ಲ, ಬುಡವನ್ನೂ ಒಮ್ಮೆ ನೋಡಿರಿ.